ರಾತ್ರಿ ಕೈ ಜೋಮು, ಪದೇ ಪದೇ ಉರಿಮೂತ್ರ: ಗಾರ್ಮೆಂಟ್ಸ್ ಕೆಲಸ ಬಿಡಲೇಬೇಕಾ?

ಪ್ರಶ್ನೆ: ನನಗೆ 36 ವರ್ಷ. ಬೆಂಗಳೂರಿನ ಮೈಸೂರು ರಸ್ತೆ ಕಡೆ ಒಂದು ಗಾರ್ಮೆಂಟ್ಸ್‌ನಲ್ಲಿ 11 ವರ್ಷದಿಂದ ಟೈಲರ್. ಶರ್ಟಿಗೆ ಕಾಲರ್ ಕೂರಿಸುವ ಕೆಲಸ. ಎರಡು ವರ್ಷದಿಂದ ಕುತ್ತಿಗೆ, ಬಲಭುಜ ಎಳೆಯುತ್ತದೆ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ. ಈ ವರ್ಷ ಮೂರು ಸಲ ಉರಿಮೂತ್ರ ಆಯಿತು. ಯಾವಾಗಲೂ ಸುಸ್ತು. ಮೆಡಿಕಲ್ ಸ್ಟೋರಿನಿಂದ ನೋವಿನ ಮಾತ್ರೆ ತಂದು ದಿನಾ ಒಂದು ನುಂಗಿ ಕೆಲಸಕ್ಕೆ ಹೋಗುತ್ತೇನೆ. ಸೊಂಟನೋವು, ಬಿಳಿಮುಟ್ಟು ಅಂತ ಒಂದು ಕಡೆ ತೋರಿಸಿದ್ದಕ್ಕೆ ಗರ್ಭಕೋಶ ತೆಗೆಸಿಬಿಡಿ ಅಂದರು. ಮನೆಯಲ್ಲಿ ಕೆಲಸ ಬಿಡು ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಮಾತ್ರೆ. ದಿನಾ ನುಂಗುವುದನ್ನು ಇವತ್ತೇ ನಿಲ್ಲಿಸಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ಮಾತ್ರೆಯ ಹೆಸರು ನೀವು ಬರೆದಿಲ್ಲ. ಆದರೆ ನನ್ನ ಹತ್ತಿರ ಬರುವ ಟೈಲರ್‌ಗಳ ಪರ್ಸಿನಲ್ಲಿ ಇರುವುದು ಹೆಚ್ಚಾಗಿ ಡೈಕ್ಲೋಫೆನಾಕ್ ಅಥವಾ ಅಸೆಕ್ಲೋಫೆನಾಕ್. ಸ್ಟ್ರಿಪ್ಪಿನ ಹಿಂದೆ ಸಣ್ಣ ಅಕ್ಷರದಲ್ಲಿರುತ್ತದೆ, ಮಕ್ಕಳ ಕೈಲಿ ಓದಿಸಿ. ಎರಡು ಮೂರು ದಿನದ ಮಟ್ಟಿಗೆ ಇವು ಒಳ್ಳೆಯ ಔಷಧಿಗಳೇ. ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ. ಕೆಲವರಿಗೆ ಗೊತ್ತೇ ಆಗದ ಹಾಗೆ ಒಳಗೆ ರಕ್ತ ಸೋರುತ್ತದೆ. ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿದ್ದರೆ ಅದೇ ಗುರುತು, ತಡಮಾಡದೆ ಆಸ್ಪತ್ರೆಗೆ ಹೋಗಿ. ಇನ್ನೊಂದು ತೊಂದರೆ ಕಿಡ್ನಿಯದು. ಈ ಮಾತ್ರೆಗಳು ಕಿಡ್ನಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಮೈಯಲ್ಲಿ ನೀರಿನಂಶ ಚೆನ್ನಾಗಿದ್ದರೆ ಕಿಡ್ನಿ ಹೇಗೋ ತಡೆದುಕೊಳ್ಳುತ್ತದೆ. ನೀರೇ ಕುಡಿಯದವರಿಗೆ ಆ ಬಲ ಇರುವುದಿಲ್ಲ. ನೀವು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದಿಲ್ಲ ಅಂತ ನನ್ನ ಅಂದಾಜು. ಮೂರು ಸಲ ಉರಿಮೂತ್ರ ಆಗಿದೆ ಅಂದಿದ್ದೀರಿ, ಅದರಿಂದ ಹೇಳುತ್ತಿದ್ದೇನೆ.

ತಡೆಯಲಾಗದ ನೋವಿದ್ದ ದಿನ ಒಂದು ಪ್ಯಾರಸಿಟಮಾಲ್ ಸಾಕು. ಸಂಜೆ ಬಿಸಿನೀರಿನ ಶಾಖ ಕೊಡಿ. ದಿನಾ ನುಂಗುತ್ತಿದ್ದೀರಿ ಅಂದಮೇಲೆ ಒಮ್ಮೆ ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಗಲೇಬೇಕು. ಕಿಡ್ನಿ ಹೇಗಿದೆ ಅನ್ನುವುದು ಅದರಲ್ಲಿ ಗೊತ್ತಾಗುತ್ತದೆ.

ಈಗ ನೀರಿನ ವಿಷಯ. ಸಂಜೆ ಶಿಫ್ಟ್ ಮುಗಿಸಿ ನೇರ ನನ್ನ ಹತ್ತಿರ ಬರುವ ಹೆಂಗಸರಿಗೆ ನಾನು ಬಾಟಲಿ ತೋರಿಸಿ ಅನ್ನುತ್ತೇನೆ. ಬ್ಯಾಗಿನಿಂದ ತೆಗೆದು ಮೇಜಿನ ಮೇಲೆ ಇಡುತ್ತಾರೆ. ಬೆಳಿಗ್ಗೆ ಏಳಕ್ಕೆ ಮನೆಯಲ್ಲಿ ತುಂಬಿಸಿದ ನೀರು. ಸಂಜೆ ಆರಕ್ಕೆ ಅದು ಹೆಚ್ಚುಕಡಿಮೆ ಕತ್ತಿನವರೆಗೂ ಹಾಗೇ ಇರುತ್ತದೆ. ಊಟದ ಜೊತೆ ಎರಡು ಗುಟುಕು ಕುಡಿದಿರುತ್ತಾರೆ, ಅಷ್ಟೇ. ಯಾಕೆ ಅಂದರೆ ಎಲ್ಲರದ್ದೂ ಒಂದೇ ಉತ್ತರ. ಕುಡಿದರೆ ಹೋಗಬೇಕಾಗುತ್ತದಲ್ಲ ಡಾಕ್ಟ್ರೇ.

ಈ ಮಾತಿನ ಹಿಂದೆ ಒಂದು ಲೆಕ್ಕ ಇದೆ. ಗಂಟೆಗೆ 100 ಪೀಸ್ ಟಾರ್ಗೆಟ್ ಅಂದುಕೊಳ್ಳಿ. ಒಂದು ಪೀಸಿಗೆ 36 ಸೆಕೆಂಡ್. ಟಾಯ್ಲೆಟ್ಟಿಗೆ ಹೋಗಿ, ಸಾಲಲ್ಲಿ ನಿಂತು, ಬಂದು ಕೂರುವುದಕ್ಕೆ 5 ನಿಮಿಷ ಹಿಡಿಸಿದರೆ 8 ಪೀಸ್ ಹಿಂದೆ ಬೀಳುತ್ತದೆ. ಹಿಂದಿನವರ ಬಂಡಲ್ ನಿಮ್ಮ ಮೇಜಿನ ಮೇಲೆ ಗುಡ್ಡೆಯಾಗುತ್ತದೆ, ಮುಂದಿನವರು ಸುಮ್ನೆ ಕೂತಿರುತ್ತಾರೆ. ಸೂಪರ್‌ವೈಸರ್ ಎಲ್ಲರ ಮುಂದೆ ಕೂಗುತ್ತಾರೆ. ಆ 8 ಪೀಸಿಗಾಗಿ ಹೆಂಗಸರು ಬಾಯಾರಿಕೆ ತಡೆದುಕೊಳ್ಳುತ್ತಾರೆ, ಮೂತ್ರವನ್ನೂ ತಡೆದುಕೊಳ್ಳುತ್ತಾರೆ. ನಿಮ್ಮ ಉರಿಮೂತ್ರ ಶುರುವಾಗುವುದು ಇಲ್ಲಿ.

ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಉದ್ದ, ಅಷ್ಟೇ. ಕ್ರಿಮಿ ಮೂತ್ರಕೋಶಕ್ಕೆ ಏರುವುದು ಸುಲಭ. ಆಗಾಗ ಮೂತ್ರ ಹೋಗುತ್ತಿದ್ದರೆ ಅದು ತೊಳೆದುಹೋಗುತ್ತದೆ. ಆರೇಳು ಗಂಟೆ ತಡೆದು ಕೂತರೆ ಒಳಗೇ ಬೆಳೆಯುತ್ತದೆ. ನಮ್ಮಲ್ಲಿ ಇದನ್ನು ಉಷ್ಣ ಆಗಿದೆ ಅನ್ನುತ್ತೇವೆ. ಎಳನೀರು, ಮಜ್ಜಿಗೆ, ಬಾರ್ಲಿ ನೀರು ಕುಡಿಯುತ್ತೇವೆ. ಅದರಲ್ಲಿ ತಪ್ಪೇನಿಲ್ಲ, ಹೇಗಾದರೂ ನೀರು ಹೊಟ್ಟೆಗೆ ಹೋಗುತ್ತದಲ್ಲ. ಆದರೆ 6 ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಸೋಂಕು ಆದರೆ ಅದನ್ನು ಬರೀ ಉಷ್ಣ ಅಂತ ಬಿಡುವ ಹಾಗಿಲ್ಲ. ಮೂತ್ರದ ಕಲ್ಚರ್ ಪರೀಕ್ಷೆ ಆಗಬೇಕು. ಯಾವ ಕ್ರಿಮಿ, ಅದು ಯಾವ ಔಷಧಿಗೆ ಸಾಯುತ್ತದೆ ಅನ್ನುವುದು ಆಗಲೇ ಗೊತ್ತಾಗುವುದು. ಸಕ್ಕರೆ ಕಾಯಿಲೆ ಇದೆಯಾ ಅಂತಲೂ ನೋಡಬೇಕು. ಅಂಗಡಿಯಲ್ಲಿ ಎರಡು ದಿನದ ಆಂಟಿಬಯೋಟಿಕ್ ತಂದು, ಉರಿ ನಿಂತ ಕೂಡಲೇ ನಿಲ್ಲಿಸುವುದು ಬೇಡ. ಕ್ರಿಮಿ ಅರ್ಧ ಸತ್ತು ಅರ್ಧ ಉಳಿದು ಮತ್ತೆ ಬರುತ್ತದೆ.

ನೀರಿಗೆ ಎಷ್ಟು ಶಕ್ತಿ ಇದೆ ಅನ್ನುವುದಕ್ಕೆ ಪುರಾವೆಯೇ ಇದೆ. ಪದೇ ಪದೇ ಸೋಂಕು ಆಗುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ ಹೆಂಗಸರಿಗೆ ದಿನಕ್ಕೆ ಒಂದೂವರೆ ಲೀಟರ್ ಜಾಸ್ತಿ ಕುಡಿಸಿ ನೋಡಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಒಂದು ವರ್ಷದಲ್ಲಿ ಅವರ ಸೋಂಕು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಹಾಗಾಗಿ ಒಂದು ಲೀಟರ್ ಬಾಟಲಿ ಇಟ್ಟುಕೊಳ್ಳಿ. ಊಟದ ಬೆಲ್ ಹೊಡೆಯುವಷ್ಟರಲ್ಲಿ ಅದು ಅರ್ಧವಾದರೂ ಖಾಲಿಯಾಗಿರಲಿ, ಸಂಜೆಗೆ ಪೂರ್ತಿ. ಬೆಳಿಗ್ಗೆ ಟೀ ಹೊತ್ತಿಗೆ, ಊಟದ ಹೊತ್ತಿಗೆ, ಸಂಜೆ ಟೀ ಹೊತ್ತಿಗೆ ಟಾಯ್ಲೆಟ್ಟಿಗೆ ಹೋಗಿಯೇ ಹೋಗಿ, ಅವಸರ ಇಲ್ಲದಿದ್ದರೂ. ಮುಟ್ಟಿನ ದಿನಗಳಲ್ಲಿ ಅದೇ ಹೊತ್ತಿಗೆ ಪ್ಯಾಡನ್ನೂ ಬದಲಿಸಿ. ಬೆಳಿಗ್ಗೆಯಿಂದ ಸಂಜೆವರೆಗೆ ಒಂದೇ ಪ್ಯಾಡಿನಲ್ಲಿ ಕೂರುವುದರಿಂದ ತೊಡೆಸಂದಿಯಲ್ಲಿ ಹುಣ್ಣು, ತುರಿಕೆ ಜಾಸ್ತಿಯಾಗುವುದನ್ನು ನಾನು ಬಹಳ ನೋಡಿದ್ದೇನೆ.

ಕುಡಿಯುವ ನೀರು, ಟಾಯ್ಲೆಟ್ ಎರಡೂ ಯಾರೋ ಕೊಡುವ ಕೃಪೆ ಅಲ್ಲ. ಕೆಲಸಗಾರರು ಫ್ಯಾಕ್ಟರಿಯೊಳಗೆ ಇರುವ ಅಷ್ಟೂ ಹೊತ್ತು ಟಾಯ್ಲೆಟ್ ಅವರಿಗೆ ಸಿಗುವಂತಿರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿತ್ತು. ಕೆಲವು ಕಡೆ ಲೈನಿಗೆ ಒಬ್ಬರು ಫ್ಲೋಟರ್ ಇರುತ್ತಾರೆ. ಯಾರಾದರೂ ಎದ್ದು ಹೋದರೆ ಆ ಮಿಷಿನ್ನಿಗೆ ಅವರು ಕೂರುತ್ತಾರೆ, ಪೀಸ್ ನಿಲ್ಲುವುದಿಲ್ಲ. ಇದು ದೊಡ್ಡ ಖರ್ಚಿನ ಏರ್ಪಾಡೇನಲ್ಲ. ನಿಮ್ಮಲ್ಲಿ ವರ್ಕ್ಸ್ ಕಮಿಟಿ, ಅಂದರೆ ಕೆಲಸಗಾರರು, ಕಂಪನಿ ಎರಡೂ ಕಡೆಯವರಿರುವ ಸಮಿತಿ ಇದ್ದರೆ ಮೊದಲು ಕೇಳಬೇಕಾದದ್ದು ಇದನ್ನೇ ಅಂತ ನನ್ನ ಅಭಿಪ್ರಾಯ. ಒಬ್ಬರೇ ಕೇಳಬೇಡಿ, ಲೈನಿನವರೆಲ್ಲ ಸೇರಿ ಕೇಳಿ.

ಇನ್ನು ಕುತ್ತಿಗೆ, ಭುಜ, ಕೈ. ಹಿಂದೊಮ್ಮೆ ನಿಮ್ಮ ಹಾಗೇ ಕಾಲರ್ ಕೂರಿಸುವವರೊಬ್ಬರು ಬಂದಿದ್ದರು. ಎಲ್ಲಿ ನೋವು ಅಂತ ಕೇಳುವ ಬದಲು ನೀವು ಹೇಗೆ ಕೂರುತ್ತೀರಿ ತೋರಿಸಿ ಅಂದೆ. ಸ್ಟೂಲ್ ಎಳೆದುಕೊಂಡು ಕೂತರು. ಬೆನ್ನು ಬಾಗಿತು. ಗಲ್ಲ ಮುಂದೆ ಬಂತು. ಬಲ ಮೊಣಕೈ ರೆಕ್ಕೆಯ ಹಾಗೆ ಪಕ್ಕಕ್ಕೆ ಎದ್ದಿತು. ಅಲ್ಲಿಲ್ಲದ ಬಟ್ಟೆಯನ್ನು ಎಡಗೈ ತಿರುಗಿಸುತ್ತಿತ್ತು. ಬಲಗಾಲು ನನ್ನ ನೆಲದ ಮೇಲೆ ಇಲ್ಲದ ಪೆಡಲನ್ನು ಒತ್ತುತ್ತಿತ್ತು. ಎಷ್ಟು ಹೊತ್ತು ಹೀಗೆ ಅಂದೆ. ಬೆಲ್ ಆಗೋವರೆಗೂ ಅಂದರು. ಅವರು ಹೋದ ಮೇಲೆ ನಾನೂ ಹಾಗೇ ಕೂತು ನೋಡಿದೆ. ಎರಡು ನಿಮಿಷಕ್ಕೇ ಭುಜ ಹಿಡಿಯಿತು.

ತಲೆಯ ತೂಕ ಸುಮಾರು 5 ಕೆ.ಜಿ. ನೆಟ್ಟಗಿದ್ದಾಗ ಅದನ್ನು ಬೆನ್ನುಮೂಳೆ ಹೊರುತ್ತದೆ. ಸೂಜಿ ನೋಡಲು ಬಗ್ಗಿದಾಗ ಕುತ್ತಿಗೆಯ ಹಿಂದಿನ ಸ್ನಾಯುಗಳು ಅದನ್ನು ಜಗ್ಗಿ ಹಿಡಿಯಬೇಕು. ಮೊಣಕೈ ಎತ್ತಿಯೇ ಇದ್ದರೆ ಭುಜದ ಸ್ನಾಯುವೂ ಬಿಗಿದೇ ಇರುತ್ತದೆ. ಬಿಗಿದ ಸ್ನಾಯುವಿನೊಳಗೆ ರಕ್ತ ಸರಿಯಾಗಿ ಓಡುವುದಿಲ್ಲ. 8 ಗಂಟೆಯಲ್ಲಿ 800 ಪೀಸ್ ಅಂದರೆ ಒಂದೇ ಚಲನೆ 800 ಸಲ. ಮನೆಗೆ ಹೋದಮೇಲೆ ಬಟ್ಟೆ ಒಗೆಯುವುದು, ನೀರು ಹೊರುವುದು, ಮುದ್ದೆ ತಿರುವುವುದು ಎಲ್ಲ ಅದೇ ಭುಜಕ್ಕೆ. ಬಿಡುವು ಅನ್ನುವುದು ಅದಕ್ಕೆ ಸಿಗುವುದೇ ಇಲ್ಲ.

ಜೋಮು ಬೇರೆ ವಿಷಯ. ಇವತ್ತು ರಾತ್ರಿ ಎಚ್ಚರವಾದಾಗ ಯಾವ ಬೆರಳು ಅಂತ ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಕಿರುಬೆರಳು ಸರಿಯಾಗಿಯೇ ಇದ್ದರೆ, ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿದೆ ಅಂತ ಅರ್ಥ. ಇದಕ್ಕೆ ಕಾರ್ಪಲ್ ಟನಲ್ ಅನ್ನುತ್ತಾರೆ. ಕೈ ಒದರಿದರೆ ಸ್ವಲ್ಪ ಹಾಯಾಗುತ್ತದೆ, ಅಲ್ವಾ? ಒಂದು ಪರೀಕ್ಷೆ ಮನೆಯಲ್ಲೇ ಮಾಡಬಹುದು. ಎರಡೂ ಹಸ್ತಗಳ ಹಿಂಬದಿಯನ್ನು ಒಂದಕ್ಕೊಂದು ತಾಗಿಸಿ, ಬೆರಳು ಕೆಳಮುಖ ಮಾಡಿ, ಎದೆಯ ಮುಂದೆ ಒಂದು ನಿಮಿಷ ಹಿಡಿಯಿರಿ. ಅದೇ ಬೆರಳುಗಳಲ್ಲಿ ಜೋಮು ಬಂದರೆ ಅನುಮಾನ ಗಟ್ಟಿಯಾಯಿತು. ಕಿರುಬೆರಳೇ ಜೋಮು ಹಿಡಿಯುತ್ತಿದ್ದರೆ ನರ ಒತ್ತಿರುವುದು ಹೆಚ್ಚಾಗಿ ಮೊಣಕೈ ಹತ್ತಿರ. ಕೈ ಕಾಲು ಎರಡೂ ಜೋಮು ಅಂದರೆ ಸಕ್ಕರೆ, ಬಿ12 ಕೊರತೆ ನೋಡಬೇಕು. ಥೈರಾಯ್ಡ್ ತೊಂದರೆಯೂ ಮಣಿಕಟ್ಟಿನ ನರವನ್ನು ಒತ್ತುತ್ತದೆ. ಅದನ್ನೂ ಒಮ್ಮೆ ಪರೀಕ್ಷೆ ಮಾಡಿಸಿ.

ರಾತ್ರಿ ಮಲಗುವಾಗ ಮಣಿಕಟ್ಟು ನೆಟ್ಟಗಿರುವ ಹಾಗೆ ಸ್ಪ್ಲಿಂಟ್ (ಗಟ್ಟಿ ಆಸರೆಯ ಪಟ್ಟಿ) ಕಟ್ಟಿಕೊಳ್ಳಿ, ಕನಿಷ್ಠ 6 ವಾರ. ಶುರುವಿನಲ್ಲೇ ಹಿಡಿದರೆ ಬಹಳ ಜನಕ್ಕೆ ಇಷ್ಟರಲ್ಲೇ ಕಡಿಮೆಯಾಗುತ್ತದೆ. ಲೋಟ ಕೈ ಜಾರುತ್ತಿದ್ದರೆ, ಹುಕ್ ಹಾಕಲು ಕಷ್ಟವಾಗುತ್ತಿದ್ದರೆ, ಹೆಬ್ಬೆರಳ ಬುಡದ ಉಬ್ಬು ಎಡಗೈಗಿಂತ ಚಪ್ಪಟೆಯಾಗಿ ಕಂಡರೆ ಕಾಯಬೇಡಿ. ನರ ಸೊರಗುತ್ತಿದೆ ಅನ್ನುವ ಗುರುತು ಅದು. ನರದ ಪರೀಕ್ಷೆ ಮಾಡಿಸಿ, ಆಪರೇಷನ್ ಬೇಕಾ ಅಂತ ಮೂಳೆ ಡಾಕ್ಟರ್ ಅಥವಾ ನರದ ಡಾಕ್ಟರ್ ಹೇಳುತ್ತಾರೆ. ಸೊರಗಿದ ಸ್ನಾಯು ಪೂರ್ತಿ ವಾಪಸ್ ಬರುವುದು ಕಷ್ಟ.

ಮಿಷಿನ್ ಹತ್ತಿರ ಕೆಲವನ್ನು ಬದಲಿಸಬಹುದು. ಮೇಜು ನಿಮ್ಮ ಮೊಣಕೈಗಿಂತ 5ರಿಂದ 10 ಸೆಂಟಿಮೀಟರ್ ಮೇಲಿದ್ದರೆ ಕುತ್ತಿಗೆ ಕಡಿಮೆ ಬಗ್ಗುತ್ತದೆ. ಈಗ ನಿಮ್ಮದು ಅದಕ್ಕಿಂತ ಕೆಳಗಿರಬಹುದು. ಮೇಜಿನ ಕಾಲು, ಪೆಡಲಿನ ಜಾಗ ಎರಡನ್ನೂ ಮೆಕ್ಯಾನಿಕ್ ಸರಿಹೊಂದಿಸಬಹುದು. ನಿಮ್ಮ ಎತ್ತರಕ್ಕೆ ಹೊಂದಿಸಿ ಕೊಡಿ ಅಂತ ಕೇಳಿ. ಪೆಡಲ್ ತೀರಾ ಹತ್ತಿರವಿದ್ದರೆ ಮಂಡಿ ಮಡಚಿಕೊಂಡು ಸೊಂಟ ಬಾಗುತ್ತದೆ. ಅನೇಕರು ಸ್ಟೂಲಿನ ಮೇಲೆ ಕಟಿಂಗ್ ಚೂರುಗಳನ್ನು ತುಂಬಿದ ದಿಂಬು ಕಟ್ಟಿಕೊಂಡಿರುತ್ತಾರೆ. ಒಳ್ಳೆಯದೇ, ಆದರೆ ದಪ್ಪ ದಿಂಬು ಹಾಕಿದರೆ ನೀವು ಮೇಲೇರುತ್ತೀರಿ, ಮೇಜು ಮತ್ತಷ್ಟು ಕೆಳಗಾಗುತ್ತದೆ. ತೆಳ್ಳಗೆ, ಗಟ್ಟಿಯಾಗಿ ಇರಲಿ. ಬೆನ್ನಿಗೆ ಆಸರೆ ಇರುವ ಕುರ್ಚಿ ಸಿಗುವುದಾದರೆ ಅದಕ್ಕಿಂತ ಒಳ್ಳೆಯದಿಲ್ಲ.

ಬಿಡುವಿಲ್ಲ ಅನ್ನುತ್ತೀರಿ, ನಿಜ. ಆದರೆ ಕೆಳದಾರದ ಬಾಬಿನ್ ಖಾಲಿಯಾದಾಗ ಮಿಷಿನ್ ನಿಲ್ಲಲೇಬೇಕಲ್ಲ. ಅದನ್ನೇ ಗುರುತು ಇಟ್ಟುಕೊಳ್ಳಿ. ಪ್ರತಿ ಬಾಬಿನ್ನಿಗೂ ಎರಡೂ ಭುಜ ಕಿವಿಯವರೆಗೆ ಎತ್ತಿ ಒಮ್ಮೆಗೇ ಬಿಡಿ. ಗಲ್ಲವನ್ನು ಹಿಂದಕ್ಕೆ ಎಳೆದು ಐದು ಎಣಿಸಿ. ನೀವು ಕೂತ ದೊಡ್ಡ ಕೋಣೆಯ ಆ ತುದಿಯ ಗೋಡೆಯನ್ನು ನೋಡಿ, ಕಣ್ಣಿಗೂ ವಿಶ್ರಾಂತಿ. ಹತ್ತು ಸೆಕೆಂಡಿನ ಕೆಲಸ ಇದು. ನನ್ನ ಹತ್ತಿರ ಬಂದವರಲ್ಲಿ ತಪ್ಪದೆ ಮಾಡಿದವರಿಗೆ ಒಂದು ತಿಂಗಳಲ್ಲಿ ವ್ಯತ್ಯಾಸ ಕಂಡಿದೆ. ಇಷ್ಟಾದರೂ ಕೈಗೆ ಕಾಲರ್ ಆಪರೇಷನ್ನಿನಿಂದ, ಅಂದರೆ ಕಾಲರ್ ಕೂರಿಸುವ ಕೆಲಸದಿಂದ, ಸ್ವಲ್ಪ ಕಾಲ ಬಿಡುವು ಬೇಕು. ಎರಡು ಮೂರು ತಿಂಗಳು ಲೈನಿನಲ್ಲಿ ಬೇರೆ ಕೆಲಸ ಕೊಡಿ ಅಂತ ಡಾಕ್ಟರಿಂದ ಚೀಟಿ ಬರೆಸಿಕೊಂಡು ಎಚ್.ಆರ್.ಗೆ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ.

ಸುಸ್ತಿಗೆ ಕಾರಣ ಒಂದೇ ಇರಲಾರದು. ಮೊದಲು ಹಿಮೋಗ್ಲೋಬಿನ್ ನೋಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ಎಲ್ಲರಿಗೂ ಡಬ್ಬಿ ಕಟ್ಟಿ, ತಾವು ಒಂದು ಟೀ ಕುಡಿದು ಓಡುವವರಿಗೆ ರಕ್ತ ಎಲ್ಲಿಂದ ಬರಬೇಕು? ನಿಮ್ಮ ವಿಷಯದಲ್ಲಿ ನೋವಿನ ಮಾತ್ರೆಯಿಂದ ಹೊಟ್ಟೆಯಲ್ಲಿ ರಕ್ತ ಸೋರುತ್ತಿದೆಯಾ ಅನ್ನುವುದನ್ನೂ ನೋಡಬೇಕು. ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶದ ಮಾತ್ರೆ ಕೊಡುತ್ತಾರೆ. ಅದನ್ನು ಟೀ ಜೊತೆ ತಗೋಬೇಡಿ, ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹಣ್ಣಿನ ನೀರಿನ ಜೊತೆ ತಗೊಳ್ಳಿ. ಮಲ ಕಪ್ಪಾಗುವುದು ಈ ಮಾತ್ರೆಯಿಂದಲೂ ಇರುತ್ತದೆ, ಅದಕ್ಕೆ ಹೆದರಿ ನಿಲ್ಲಿಸಬೇಡಿ. ಆದರೆ ಮೊದಲೇ ಹೇಳಿದ ಹಾಗೆ ಟಾರಿನಂತೆ ಹೋದರೆ ಆಸ್ಪತ್ರೆಗೆ ತೋರಿಸಿ.

ಗರ್ಭಕೋಶದ ಮಾತಿಗೆ ಬರುತ್ತೇನೆ. ದಯವಿಟ್ಟು ಅವಸರದಲ್ಲಿ ಒಪ್ಪಿಕೊಳ್ಳಬೇಡಿ. ಆಸರೆಯಿಲ್ಲದ ಸ್ಟೂಲ್ ಮೇಲೆ 11 ವರ್ಷ ಬಾಗಿ ಕೂತವರ ಸೊಂಟನೋವು ಗರ್ಭಕೋಶ ತೆಗೆದರೆ ಹೋಗುವುದಿಲ್ಲ. ಬಿಳಿಮುಟ್ಟು ಅನ್ನುವುದು ಎಷ್ಟೋ ಸಲ ಕಾಯಿಲೆಯೇ ಅಲ್ಲ. ವಾಸನೆ, ತುರಿಕೆ, ಬಣ್ಣ ಇದ್ದರೆ ಸೋಂಕು, ಅದಕ್ಕೆ ಔಷಧಿ ಇದೆ. ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ 36ಕ್ಕೇ ಮುಟ್ಟು ನಿಂತವರ ಸ್ಥಿತಿ ಬರುತ್ತದೆ, ಮೂಳೆ ಬೇಗ ಸವೆಯುತ್ತದೆ. ಅಂಡಾಶಯ ಉಳಿಸಿದರೂ ಆ ಸ್ಥಿತಿ ಕೆಲವರಿಗೆ ಬೇಗ ಬರುತ್ತದೆ. ಗಡ್ಡೆ, ಕ್ಯಾನ್ಸರ್, ನಿಲ್ಲದ ರಕ್ತಸ್ರಾವದಂಥ ಕಾರಣವಿದ್ದರೆ ಅದು ಬೇರೆ ಮಾತು. ಸ್ಕ್ಯಾನ್, ಪ್ಯಾಪ್ ಸ್ಮಿಯರ್ (ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ) ಮಾಡಿಸಿ ಇನ್ನೊಬ್ಬ ಡಾಕ್ಟರನ್ನು ಕೇಳಿ. ಬೆಂಗಳೂರಿನಲ್ಲಿ ವಾಣಿ ವಿಲಾಸ ಆಸ್ಪತ್ರೆ ಇದೆ, ಕಾರ್ಮಿಕರ ವಿಮೆಯಾದ ಇ.ಎಸ್.ಐ.ನ ಆಸ್ಪತ್ರೆಯಲ್ಲೂ ಸ್ತ್ರೀರೋಗ ತಜ್ಞರು ಇದ್ದಾರೆ.

ಇ.ಎಸ್.ಐ. ಅಂದ ಕೂಡಲೇ ಅಲ್ಲಿ ಸಾಲು ಜಾಸ್ತಿ, ಒಂದು ದಿನದ ಹಾಜರಿ ಹೋಗುತ್ತೆ ಅನ್ನುತ್ತಾರೆ. ಹೋಗುತ್ತದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದು ನಿಮ್ಮ ದುಡ್ಡು. ಸಂಬಳ 14,000 ಇದ್ದರೆ ಪ್ರತಿ ತಿಂಗಳು ನಿಮ್ಮಿಂದ 105 ರೂಪಾಯಿ, ಕಂಪನಿಯಿಂದ 455 ರೂಪಾಯಿ ಅಲ್ಲಿಗೆ ಹೋಗುತ್ತದೆ. ರಕ್ತ ಪರೀಕ್ಷೆ, ನರದ ಪರೀಕ್ಷೆ, ಬೇಕಾದರೆ ಕೈಯ ಆಪರೇಷನ್ ಎಲ್ಲ ಅದರಲ್ಲೇ ಆಗುತ್ತದೆ. ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಇ.ಎಸ್.ಐ. ಡಾಕ್ಟರ್ ರಜೆ ಸರ್ಟಿಫಿಕೇಟ್ ಕೊಟ್ಟರೆ ಸಂಬಳದ 70% ಸಿಗುತ್ತದೆ, ವರ್ಷಕ್ಕೆ 91 ದಿನದವರೆಗೆ. ಹಿಂದಿನ 6 ತಿಂಗಳ ಅವಧಿಯಲ್ಲಿ 78 ದಿನದ ವಂತಿಗೆ ಕಟ್ಟಿರಬೇಕು, ನಿಮ್ಮದು ಆಗಿಯೇ ಇರುತ್ತದೆ. ಸೂಜಿ ಬೆರಳಿಗೆ ಹೊಕ್ಕರೆ, ಕೆಲಸಕ್ಕೆ ಬರುವ ಹೋಗುವ ದಾರಿಯಲ್ಲಿ ಟೆಂಪೋ ಮಗುಚಿದರೆ ಅದು ಕಾಯಿಲೆ ರಜೆಯಲ್ಲ, ಕೆಲಸದ ಗಾಯ. ಅದಕ್ಕೆ 90%. ಫ್ಯಾಕ್ಟರಿಯ ಅಪಘಾತ ಪುಸ್ತಕದಲ್ಲಿ ಅದೇ ದಿನ ಬರೆಸಿ. ಮುರಿದ ಸೂಜಿಯ ತುದಿ ಒಳಗೇ ಉಳಿದಿರಬಹುದು, ಎಕ್ಸ್‌ರೇ ಇಲ್ಲದೆ ಬರೀ ಪಟ್ಟಿ ಕಟ್ಟಿಸಿಕೊಂಡು ಬರಬೇಡಿ.

ಬೇರೆ ಸೆಕ್ಷನ್ನಿನವರೂ ಇದನ್ನು ಓದುತ್ತಿರಬಹುದು. ಕಟಿಂಗ್, ಓವರ್‌ಲಾಕ್ ಕಡೆ ಬಟ್ಟೆಯ ಧೂಳು ಜಾಸ್ತಿ. ಕೆಲಸದ ದಿನ ಕೆಮ್ಮು, ಉಬ್ಬಸ ಬಂದು ಭಾನುವಾರ ಕಡಿಮೆಯಾದರೆ ಅದು ಧೂಳಿನದೇ. ಡಾಕ್ಟರಿಗೆ ಈ ಭಾನುವಾರದ ಮಾತನ್ನು ಹೇಳಿ. ಚೆಕಿಂಗ್, ಐರನ್ ಕಡೆ ದಿನವಿಡೀ ನಿಂತು ಕಾಲಿನ ರಕ್ತನಾಳ ಉಬ್ಬಿದವರು ಒಂದು ಕಾಲನ್ನು ಚಿಕ್ಕ ಮಣೆಯ ಮೇಲಿಟ್ಟು ಆಗಾಗ ಬದಲಿಸಿ, ರಾತ್ರಿ ಕಾಲನ್ನು ದಿಂಬಿನ ಮೇಲಿಟ್ಟು ಮಲಗಿ.

ಕೊನೆಗೆ ನೀವು ಕೇಳಿದ್ದು, ಕೆಲಸ ಬಿಡಬೇಕಾ ಅಂತ. ಈಗ ಬಿಡಬೇಡಿ ಅನ್ನುವುದು ನನ್ನ ಸಲಹೆ. ನಿಮಗೆ ಇರುವ ತೊಂದರೆಗಳಲ್ಲಿ ಹೆಚ್ಚಿನವು ಚಿಕಿತ್ಸೆಗೆ ಬಗ್ಗುವಂಥವು. ಕೆಲಸ ಬಿಟ್ಟರೆ ಇ.ಎಸ್.ಐ. ಸ್ವಲ್ಪ ಕಾಲ ಮಾತ್ರ ಉಳಿಯುತ್ತದೆ, ಆಮೇಲೆ ಇದೇ ಚಿಕಿತ್ಸೆಗೆ ಸಾಲ ಮಾಡಬೇಕಾಗುತ್ತದೆ. ಪಿ.ಎಫ್. ದುಡ್ಡಿಗಾಗಿಯೇ ಕೆಲಸ ಬಿಡುವವರೂ ಇದ್ದಾರೆ. ಆ ದುಡ್ಡು ನಮ್ಮ ಹೆಂಗಸರಿಗೆ ಎಷ್ಟು ಮುಖ್ಯ ಅನ್ನುವುದನ್ನು 2016ರ ಏಪ್ರಿಲ್‌ನಲ್ಲಿ ಇಡೀ ದೇಶ ನೋಡಿತು. ಕಂಪನಿಯ ಪಾಲಿನ ಪಿ.ಎಫ್. 58 ವರ್ಷದವರೆಗೆ ಸಿಗುವುದಿಲ್ಲ ಅಂತ ನಿಯಮ ಬಂದಾಗ ಸಾವಿರಾರು ಗಾರ್ಮೆಂಟ್ಸ್ ಹೆಂಗಸರು ಹೊಸೂರು ರಸ್ತೆಗೆ, ಜಾಲಹಳ್ಳಿ ಕ್ರಾಸಿಗೆ ಇಳಿದರು. ಎರಡನೇ ದಿನ, 19ರಂದು, ಕೇಂದ್ರ ಸರ್ಕಾರ ನಿಯಮ ವಾಪಸ್ ತಗೊಂಡಿತು. ಐವತ್ತೆಂಟರವರೆಗೆ ಈ ಮೈ ಮಿಷಿನ್ ಮುಂದೆ ಕೂರುವುದಿಲ್ಲ ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಯಾವತ್ತಾದರೂ ಬಿಡುವ ತೀರ್ಮಾನ ಮಾಡಿದರೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಸೇವೆಯ ದುಡ್ಡು, ಕೇಳಲು ಮರೆಯಬೇಡಿ. ವರ್ಷಕ್ಕೆ 15 ದಿನದ ಸಂಬಳ. ಮೂಲ ವೇತನ, ತುಟ್ಟಿಭತ್ಯೆ ಸೇರಿ 14,000 ಇದ್ದವರಿಗೆ 11 ವರ್ಷಕ್ಕೆ 88,000 ದಾಟುತ್ತದೆ.

ಈ ವಾರವೇ ಅರ್ಧ ದಿನ ರಜೆ ಹಾಕಿ ಇ.ಎಸ್.ಐ. ಡಿಸ್ಪೆನ್ಸರಿಗೆ ಹೋಗಿ. ಈಗ ಉರಿ ಇದ್ದರೆ ಆಂಟಿಬಯೋಟಿಕ್ ಶುರು ಮಾಡುವ ಮುಂಚೆ ಮೂತ್ರದ ಸ್ಯಾಂಪಲ್ ಕೊಡಿ. ಅಷ್ಟರೊಳಗೆ ಚಳಿ ಜ್ವರ ಬಂದರೆ, ಪಕ್ಕೆಯ ಹಿಂದೆ ನೋವು ಶುರುವಾದರೆ ಸೋಂಕು ಕಿಡ್ನಿಗೆ ಏರಿದೆ ಅಂತ ತಿಳಿಯಿರಿ, ಅದೇ ದಿನ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಗೆ ಹೋಗಿ. ನುಂಗುತ್ತಿದ್ದ ಮಾತ್ರೆಯ ಖಾಲಿ ಸ್ಟ್ರಿಪ್ ಜೊತೆಗಿರಲಿ. ಡಾಕ್ಟರ್ ಮುಂದೆ ಕೂತಾಗ ನೋವು ಹೇಳುವ ಮುಂಚೆ ಕೆಲಸ ಹೇಳಿ: ಟೈಲರ್, ಕಾಲರ್ ಆಪರೇಷನ್, 11 ವರ್ಷ, ಗಂಟೆಗೆ ಇಷ್ಟು ಪೀಸ್. ಅದನ್ನು ಚೀಟಿಯಲ್ಲಿ ಬರೆಯಿರಿ ಅಂತ ಕೇಳಿ. ಬರೆಯದಿದ್ದರೆ ಇನ್ನೊಮ್ಮೆ ಕೇಳಿ.